ಠಾಣೆಯಿಂದ ಬಾಲ ನ್ಯಾಯ ಮಂಡಳಿವರೆಗೆ: ಜಾತಿ, ಲಿಂಗತ್ವದ ಕಾರಣಕ್ಕೆ ಮಗುವಿಗೆ ಹೆಚ್ಚು ಪೆಟ್ಟು ಬೀಳದಂತೆ ನೋಡಿಕೊಳ್ಳುವುದು ಹೇಗೆ

ಬೈಕ್ ಕಳವಿನ ಆರೋಪದ ಮೇಲೆ ಹದಿನಾರು ವರ್ಷದ ಇಬ್ಬರು ಹುಡುಗರನ್ನು ಒಂದೇ ದಿನ ಹಿಡಿದರು ಅಂದುಕೊಳ್ಳಿ. ಒಬ್ಬನ ತಂದೆ ಪಹಣಿ ಹಿಡಿದು, ಪರಿಚಯದ ವಕೀಲರನ್ನು ಕರೆದುಕೊಂಡು ಬರುತ್ತಾರೆ. ಹುಡುಗ ಸಂಜೆಯೊಳಗೆ ಮನೆ ಸೇರುತ್ತಾನೆ. ಇನ್ನೊಬ್ಬನ ತಾಯಿ ಮಾಲೂರು ಕಡೆ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುವವರು, ಹೆಸರಿಗೆ ಒಂದು ಗುಂಟೆ ಜಮೀನಿಲ್ಲ. ಜಾಮೀನುದಾರ ಸಿಗದೆ ಆ ಹುಡುಗ ವಾರಗಟ್ಟಲೆ ವೀಕ್ಷಣಾಲಯದಲ್ಲಿ, ಅಂದರೆ ವಿಚಾರಣೆ ನಡೆಯುವಾಗ ಮಕ್ಕಳನ್ನು ಇರಿಸುವ ಗೃಹದಲ್ಲಿ, ಉಳಿಯುತ್ತಾನೆ. ಅಷ್ಟರಲ್ಲಿ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿರುತ್ತದೆ. ಇಷ್ಟೆಲ್ಲಾ ಆಗುವಾಗ ಯಾರ ಬಾಯಲ್ಲೂ ಜಾತಿಯ ಮಾತು ಬಂದಿರುವುದಿಲ್ಲ.

ಬಾಲ ನ್ಯಾಯದಲ್ಲಿ ಭೇದ ನಡೆಯುವುದು ಹೆಚ್ಚಾಗಿ ಹೀಗೆಯೇ. ಯಾರೋ ಒಬ್ಬ ಅಧಿಕಾರಿ ದ್ವೇಷ ಸಾಧಿಸಬೇಕೆಂದೇನಿಲ್ಲ. ವಯಸ್ಸು ಬರೆದುಕೊಳ್ಳುವವರು, ಜಾಮೀನು ನೋಡುವವರು, ಮನೆ ವರದಿ ತಯಾರಿಸುವವರು, ಯಾವ ಗೃಹಕ್ಕೆ ಕಳಿಸಬೇಕೆಂದು ತೀರ್ಮಾನಿಸುವವರು, ಒಬ್ಬೊಬ್ಬರ ಮೇಜಿನಲ್ಲೂ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತದೆ. ಆದ್ದರಿಂದ ತಡೆಯುವ ಕೆಲಸವೂ ಪ್ರತಿ ಮೇಜಿನಲ್ಲೂ, ಕಾಗದದ ಮೂಲಕ, ಗಡುವಿನೊಳಗೆ ಆಗಬೇಕು. ಕೋಲಾರ, ಕೆಜಿಎಫ್, ಚಿಕ್ಕಬಳ್ಳಾಪುರ ಭಾಗದಲ್ಲಿ ಮಕ್ಕಳ ಪರ ಓಡಾಡುವ ಅರೆ ಕಾನೂನು ಸ್ವಯಂಸೇವಕರು, ಹಾಸ್ಟೆಲ್ ವಾರ್ಡನ್‌ಗಳು, ಶಿಕ್ಷಕರು, ದಲಿತ ಸಂಘಟನೆಗಳವರು, ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಗಳವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಕೈಯಲ್ಲಿರುವ ಮುಖ್ಯ ಕಾನೂನು ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015. ಅದರ 3ನೇ ಕಲಂ ಲಿಂಗ, ಜಾತಿ, ಜನಾಂಗೀಯತೆ, ಹುಟ್ಟಿದ ಸ್ಥಳ, ಅಂಗವೈಕಲ್ಯ ಸೇರಿದಂತೆ ಯಾವ ಕಾರಣಕ್ಕೂ ಮಗುವಿಗೆ ಭೇದ ಮಾಡಬಾರದು ಎನ್ನುತ್ತದೆ. ‘ಸೇರಿದಂತೆ’ ಎಂದಿರುವುದರಿಂದ ಪಟ್ಟಿ ಅಷ್ಟಕ್ಕೇ ಮುಗಿಯುವುದಿಲ್ಲ. 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವದ ಗುರುತನ್ನು ಮೂಲಭೂತ ಹಕ್ಕಿನೊಳಗೆ ಸೇರಿಸಿದೆ. ಎರಡನ್ನೂ ಜೊತೆಗಿಟ್ಟು ವಾದಿಸಬಹುದು. ಯಾವ ಅರ್ಜಿ ಬರೆದರೂ ಮೊದಲ ಸಾಲಿನಲ್ಲೇ ಈ 3ನೇ ಕಲಂ ಹೆಸರಿಸಿ.

ಮೊದಲ ರಾತ್ರಿ

ಸುದ್ದಿ ಬಂದ ಕೂಡಲೇ ಯಾವ ಠಾಣೆ, ಯಾವ ಪೊಲೀಸ್ ಜಿಲ್ಲೆ ಎಂದು ಖಚಿತ ಮಾಡಿಕೊಳ್ಳಿ. ಕಂದಾಯದ ಲೆಕ್ಕದಲ್ಲಿ ಕೋಲಾರ ಒಂದೇ ಜಿಲ್ಲೆಯಾದರೂ ಪೊಲೀಸ್ ಲೆಕ್ಕದಲ್ಲಿ ಕೋಲಾರ, ಕೆಜಿಎಫ್ ಎರಡು. ಎಸ್‌ಪಿಗಳೂ ಬೇರೆ ಬೇರೆ. ದೂರು ತಪ್ಪು ಕಚೇರಿಗೆ ಹೋದರೆ ಅರ್ಧ ದಿನ ಹಾಳು. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಒಳಗೆ ಹೋದವರು ಮೊದಲು ಕೇಳಬೇಕಾದ್ದು ಅವರನ್ನೇ.

ಮಗುವನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಕೋಳ ತೊಡಿಸುವಂತಿಲ್ಲ. ಯಾವ ಹೇಳಿಕೆಗೂ ಮಗುವಿನಿಂದ ಸಹಿ ಹಾಕಿಸಿಕೊಳ್ಳುವಂತಿಲ್ಲ. ತಂದೆ ತಾಯಿಗೆ ತಿಳಿಸಲೇಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ, ಮಕ್ಕಳ ಮೇಲಿನ ಆರೋಪಗಳ ವಿಚಾರಣೆ ನಡೆಸುವ ಬಾಲ ನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ‘ಇವತ್ತು ಬೋರ್ಡ್ ಸಿಟ್ಟಿಂಗ್ ಇಲ್ಲ’ ಎಂಬ ಮಾತು ನಡೆಯುವುದಿಲ್ಲ. ಮಂಡಳಿ ಕೂತಿಲ್ಲದಿದ್ದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಲು 7ನೇ ಕಲಂನಲ್ಲೇ ಅವಕಾಶವಿದೆ.

ಬಹಳ ಜನರಿಗೆ ಗೊತ್ತಿಲ್ಲದ, ಗೊತ್ತಿರಲೇಬೇಕಾದ ಸಂಗತಿ ಇನ್ನೊಂದಿದೆ. ಆರೋಪ ಘೋರ ಅಪರಾಧದ್ದಲ್ಲದೆ (ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವಂಥದ್ದು), ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಈ ಕಾಯ್ದೆಯಡಿಯ ಮಾದರಿ ನಿಯಮಗಳ 8ನೇ ನಿಯಮದ ಪ್ರಕಾರ ಮಾಹಿತಿಯನ್ನು ಠಾಣಾ ದಿನಚರಿಯಲ್ಲಿ ಬರೆದು, ನಮೂನೆ 1ರಲ್ಲಿ ಸಾಮಾಜಿಕ ಹಿನ್ನೆಲೆ ವರದಿ ಮಾಡಿ ಮಂಡಳಿಗೆ ಕಳಿಸಿದರೆ ಸಾಕು. ಸಾಮಾನ್ಯ ಕಳವು ಭಾರತೀಯ ನ್ಯಾಯ ಸಂಹಿತೆಯ 303(2)ರಲ್ಲಿ ಬರುತ್ತದೆ, ಗರಿಷ್ಠ ಶಿಕ್ಷೆ 3 ವರ್ಷ. ಅಂದರೆ ಬಾಲ ನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಅದು ಸಣ್ಣ ಅಪರಾಧ. ಬೈಕ್ ಕಳವಿನ ಹುಡುಗನ ಕಾಗದದಲ್ಲಿ ಎಫ್‌ಐಆರ್ ನಂಬರ್ ಕಂಡರೆ ‘ಯಾವ ವಯಸ್ಕ ಆರೋಪಿ ಜೊತೆ ಸೇರಿಸಿದ್ದೀರಿ, ಅವರೆಲ್ಲಿ?’ ಎಂದು ಕೇಳಿ.

ದಾರಿ ತಪ್ಪುವುದು ಇದಕ್ಕೂ ಮೊದಲೇ. ಹುಡುಗನನ್ನು ‘ಸುಮ್ಮನೆ ವಿಚಾರಣೆಗೆ’ ಎಂದು ಕರೆದು ಎರಡು ಮೂರು ದಿನ ಕೂರಿಸಿಕೊಂಡರೆ ಕಾಗದದ ಮೇಲೆ 24 ಗಂಟೆಯ ಗಡಿಯಾರ ಶುರುವೇ ಆಗಿರುವುದಿಲ್ಲ. ಹೀಗೆ ಕೂರಿಸುವುದು ಯಾರ ಮಕ್ಕಳನ್ನು? ಸಾಮಾನ್ಯವಾಗಿ ಕಾಲೋನಿ ಮಕ್ಕಳನ್ನು, ಕೊರಮ, ಕೊರಚರಂಥ ಸಮುದಾಯಗಳ ಮಕ್ಕಳನ್ನು. ಇತ್ಯರ್ಥವಾಗದ ಹಳೇ ಕಳವುಗಳೂ ಅವರ ತಲೆಗೇ ಸುತ್ತಿಕೊಳ್ಳುತ್ತವೆ. ಇದರ ಬೇರು ಹಳೆಯದು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟು ಕಳ್ಳರೆಂದು ರಿಜಿಸ್ಟರಿಗೆ ಹಾಕಿತು. ಅದೇ ಕಾಯ್ದೆಯ ಮತ್ತೊಂದು ಭಾಗ ಹಿಜ್ರಾ ಸಮುದಾಯದವರನ್ನೂ ರಿಜಿಸ್ಟರಿಗೆ ಹಾಕಿತ್ತು. ಕಾಯ್ದೆ 1952ರಲ್ಲಿ ರದ್ದಾಯಿತು, ನೋಡುವ ಕಣ್ಣು ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಂನಲ್ಲೂ ಹಿಜ್ರಾ ಸಮುದಾಯದವರ ಬಗ್ಗೆ ಅದೇ ರಿಜಿಸ್ಟರಿನ ಯೋಚನೆ ಇತ್ತು. 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದ ಸಮುದಾಯಗಳವರು ಎಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಹಿಸ್ಟರಿ ಶೀಟ್ (ಪೊಲೀಸರು ನಿಗಾ ಇಡಲು ತೆರೆಯುವ ಕಡತ) ತೆರೆಯುವ ಬಗ್ಗೆ, ಅದರಲ್ಲಿ ಅಪ್ರಾಪ್ತ ಮಕ್ಕಳ ಹೆಸರು ಸೇರಿಸುವ ಬಗ್ಗೆ ಕಟುವಾಗಿ ಮಾತಾಡಿದೆ. ‘ಇವರಪ್ಪನ ಮೇಲೂ ಕೇಸಿತ್ತು’ ಎನ್ನುವ ಅಧಿಕಾರಿಯ ಮುಂದೆ ಇದನ್ನು ನೆನಪಿಸಿ.

ಉಪಾಯ ಸರಳ: ಗಡಿಯಾರವನ್ನು ನೀವೇ ಶುರು ಮಾಡಿ. ಮಗು ಠಾಣೆಯಲ್ಲಿದೆ ಎಂದು ತಿಳಿದ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕಾನೂನು ಸೇವಾ ಸಹಾಯವಾಣಿ 15100ಕ್ಕೂ ಮಾಡಿ. ಕರೆಯ ಸಮಯ ನಿಮ್ಮ ಫೋನಿನಲ್ಲೇ ದಾಖಲಾಗಿರುತ್ತದೆ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ನಾಲ್ಕು ಸಾಲಿನ ಅರ್ಜಿ ಬರೆದು ಠಾಣೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಕೊಡದಿದ್ದರೆ ಅದನ್ನೇ ಎಸ್‌ಪಿ ಕಚೇರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಇಮೇಲ್ ಮಾಡಿ. ತಾಯಿಯ ಹೆಸರಿನಲ್ಲಿ ಹೀಗೆ ಬರೆದರೆ ಸಾಕು:

‘ನನ್ನ ಮಗ, ವಯಸ್ಸು 16, ಇವತ್ತು ಬೆಳಿಗ್ಗೆ 11 ಗಂಟೆಯಿಂದ ತಮ್ಮ ಠಾಣೆಯಲ್ಲಿದ್ದಾನೆ. ಅವನು 18 ವರ್ಷದೊಳಗಿನವನು ಎಂಬುದಕ್ಕೆ ಶಾಲೆಯ ದಾಖಲೆ ಲಗತ್ತಿಸಿದ್ದೇನೆ. ಬಾಲ ನ್ಯಾಯ ಕಾಯ್ದೆ ಕಲಂ 10ರಂತೆ ನಾಳೆ 11 ಗಂಟೆಯೊಳಗೆ ಮಂಡಳಿ ಮುಂದೆ ಹಾಜರುಪಡಿಸಬೇಕು, ಇಲ್ಲವೇ ನನ್ನ ಜೊತೆ ಕಳಿಸಬೇಕು. ಇವತ್ತಿನ ಸಿಸಿಟಿವಿ ದೃಶ್ಯ ಅಳಿಸದಂತೆ ಕಾಯ್ದಿಡಬೇಕಾಗಿ ಕೋರುತ್ತೇನೆ.’

ಕೊನೆಯ ಸಾಲನ್ನು ಬಿಡಬೇಡಿ. 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಠಾಣೆಗಳ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಇಡಬೇಕೆಂದು ಹೇಳಿದೆ. ಲಿಖಿತ ಕೋರಿಕೆ ಇದ್ದರೆ ನಾಳೆ ‘ಅಳಿಸಿಹೋಯಿತು’ ಎನ್ನುವುದು ಕಷ್ಟವಾಗುತ್ತದೆ.

ಮೈಮೇಲೆ ಪೆಟ್ಟಿದ್ದರೆ ಮಂಡಳಿ ಮುಂದೆ ಹೋಗುವ ಮೊದಲೇ ವೈದ್ಯಕೀಯ ತಪಾಸಣೆಯಲ್ಲಿ ಅದು ದಾಖಲಾಗಬೇಕು. ಊರವರೇ ಕಳ್ಳನೆಂದು ಕಂಬಕ್ಕೆ ಕಟ್ಟಿ ಹೊಡೆದು ಆಮೇಲೆ ಪೊಲೀಸರಿಗೆ ಒಪ್ಪಿಸಿದ್ದರೆ, ಅಲ್ಲಿ ಎರಡು ಪ್ರಕರಣಗಳಿವೆ. ಒಂದರಲ್ಲಿ ಮಗು ಆರೋಪಿ, ಇನ್ನೊಂದರಲ್ಲಿ ಮಗುವೇ ಸಂತ್ರಸ್ತ. ಮಗು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ್ದು, ಹೊಡೆದವರು ಆ ಸಮುದಾಯಗಳಿಗೆ ಸೇರದವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್ ಆಗಲೇಬೇಕು. ‘ಮೊದಲು ಕಳವಿನ ಕೇಸ್ ಮುಗಿಯಲಿ’ ಎಂಬ ರಾಜಿ ಮಾತಿಗೆ ಒಪ್ಪಬೇಡಿ, ಎರಡೂ ಒಟ್ಟಿಗೆ ನಡೆಯಬಹುದು.

ವಯಸ್ಸು

ಠಾಣೆಯಲ್ಲಿ ‘19’ ಎಂದು ಬರೆದುಬಿಟ್ಟರೆ ಮೇಲೆ ಹೇಳಿದ ಯಾವ ರಕ್ಷಣೆಯೂ ಸಿಗುವುದಿಲ್ಲ, ಮಗು ನೇರ ಜೈಲಿಗೆ ಹೋಗುತ್ತದೆ. ಎಂಟನೇ ತರಗತಿಗೇ ಶಾಲೆ ಬಿಟ್ಟು ಕೋಲಾರದ ಟೊಮೆಟೊ ಮಂಡಿಯಲ್ಲೋ ಶಿಡ್ಲಘಟ್ಟದ ರೇಷ್ಮೆ ಫಿಲೇಚರಿನಲ್ಲೋ ದುಡಿದು ಮೈ ಗಟ್ಟಿಯಾದ ಹುಡುಗ ನೋಡುವುದಕ್ಕೆ ದೊಡ್ಡವನಂತೆಯೇ ಕಾಣುತ್ತಾನೆ. ಓದುತ್ತಾ ಮನೆಯಲ್ಲಿರುವ ಹುಡುಗ ಚಿಕ್ಕವನಂತೆ ಕಾಣುತ್ತಾನೆ. ಭೇದ ಇಲ್ಲಿಂದಲೇ ಶುರು.

94ನೇ ಕಲಂ ದಾಖಲೆಗಳ ಸಾಲನ್ನು ಹೇಳಿದೆ. ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಪರೀಕ್ಷೆಗೆ ಆದೇಶವಾದರೆ 15 ದಿನದೊಳಗೆ ಮುಗಿಯಬೇಕು. ಆಧಾರ್ ಕಾರ್ಡ್ ಈ ಸಾಲಿನಲ್ಲಿ ಎಲ್ಲೂ ಇಲ್ಲ. ಟಿಸಿ ಇದ್ದರೆ ಸಾಕೆಂದುಕೊಳ್ಳಬೇಡಿ. 2023ರ ಪಿ. ಯುವಪ್ರಕಾಶ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವರ್ಗಾವಣೆ ಪತ್ರ 94ನೇ ಕಲಂ ಕೇಳುವ ದಾಖಲೆಯಲ್ಲ ಎಂದಿದೆ. ಮುಖ್ಯೋಪಾಧ್ಯಾಯರ ಬಳಿ ‘ಜನ್ಮದಿನಾಂಕ ಪ್ರಮಾಣಪತ್ರ’ ಎಂಬ ಶೀರ್ಷಿಕೆಯಲ್ಲೇ, ಮೊಹರು ಸಹಿ ಸಮೇತ ಬರೆಸಿಕೊಳ್ಳಿ. ಜನನ ಪ್ರಮಾಣಪತ್ರವನ್ನು ರಾಜ್ಯದ ಜನನ ನೋಂದಣಿಯ ಇ-ಜನ್ಮ ದಾಖಲೆಗಳಲ್ಲಿ ಹುಡುಕಿಸಿ. ಮನೆಯಲ್ಲೇ ಹೆರಿಗೆಯಾದ ಮಕ್ಕಳದ್ದು ಸಿಗದೇ ಇರಬಹುದು, ಆಗ ತಾಯಿ ಕಾರ್ಡು, ಅಂಗನವಾಡಿ ದಾಖಲೆ ಪೂರಕವಾಗಿ ಕೊಡಿ.

ಈಗಾಗಲೇ ಜೈಲಿಗೆ ಹೋಗಿದ್ದರೂ ಕೈಚೆಲ್ಲಬೇಡಿ. ಅಪರಾಧ ನಡೆದ ದಿನ 18 ತುಂಬಿರಲಿಲ್ಲ ಎಂಬ ಕೋರಿಕೆಯನ್ನು 9ನೇ ಕಲಂ ಪ್ರಕಾರ ಯಾವ ನ್ಯಾಯಾಲಯದಲ್ಲಾದರೂ, ಯಾವ ಹಂತದಲ್ಲಾದರೂ, ಕೇಸ್ ಮುಗಿದ ಮೇಲೂ ಎತ್ತಬಹುದು.

ಜಾಮೀನು, ಮತ್ತು ಪಹಣಿ ಇಲ್ಲದವರು

ದೊಡ್ಡವರ ಜಾಮೀನಿನ ಲೆಕ್ಕ ಬೇರೆ, ಮಕ್ಕಳದ್ದು ಬೇರೆ. 12ನೇ ಕಲಂ ಪ್ರಕಾರ ಜಾಮೀನಿಗೆ ಅರ್ಹವಾದ ಅಪರಾಧವಾಗಲಿ ಅಲ್ಲದಾಗಲಿ, ಮಗುವನ್ನು ‘ಜಾಮೀನುದಾರರೊಡನೆ ಅಥವಾ ಜಾಮೀನುದಾರರಿಲ್ಲದೆ’ ಬಿಡಬೇಕು. ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿಯ) ಮೇಲ್ವಿಚಾರಣೆಗೋ ಯೋಗ್ಯ ವ್ಯಕ್ತಿಯ, ಅಂದರೆ ಮಗುವನ್ನು ನೋಡಿಕೊಳ್ಳಲು ತಕ್ಕವರೆಂದು ಗುರುತಿಸಿದವರ, ವಶಕ್ಕೋ ಕೊಡಬಹುದು. ಬಿಡದಿರಲು ಮೂರೇ ಕಾರಣ: ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯ, ನ್ಯಾಯದ ಉದ್ದೇಶಕ್ಕೆ ಸೋಲು. ಬಿಡದಿದ್ದರೆ ಕಾರಣವನ್ನು ಬರೆಯಲೇಬೇಕು.

ಜಮೀನಿಲ್ಲದ ಕುಟುಂಬದ ಪರವಾಗಿ ಮೊದಲ ದಿನವೇ ‘ಜಾಮೀನುದಾರರಿಲ್ಲದೆ, ತಾಯಿಯ ಮುಚ್ಚಳಿಕೆ ಮೇಲೆ’ ಎಂದು ಕೇಳಿ. ವಕೀಲರು ರೂಢಿಯಂತೆ ‘ಒಬ್ಬ ಶ್ಯೂರಿಟಿ’ ಎಂದು ಒಪ್ಪಿಕೊಂಡುಬಿಟ್ಟರೆ ಪಹಣಿ ಹುಡುಕುವ ಓಡಾಟ ಶುರುವಾಗುತ್ತದೆ. ಊರಿನ ದೊಡ್ಡ ಹಿಡುವಳಿದಾರರ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ, ಕೆಲವು ಸಲ ದೂರು ಕೊಟ್ಟವರೇ ಅವರ ನೆಂಟರಾಗಿರುತ್ತಾರೆ. ಆದೇಶ ಆಗಿದ್ದೂ ಷರತ್ತು ಪೂರೈಸಲಾಗದೆ ಮಗು 7 ದಿನ ಒಳಗೇ ಉಳಿದರೆ, ಷರತ್ತು ಬದಲಿಸಲು ಮಂಡಳಿ ಮುಂದೆ ಮತ್ತೆ ಹಾಜರುಪಡಿಸಬೇಕೆಂದು 12(4) ಹೇಳುತ್ತದೆ. ಈ ಏಳನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಾನಾಗಿ ಯಾರೂ ನೆನಪಿಸುವುದಿಲ್ಲ.

‘ನೈತಿಕ ಅಪಾಯ’ ಎಂಬ ಕಾರಣವನ್ನು ಹೆಚ್ಚು ಎಚ್ಚರದಿಂದ ನೋಡಿ. ಮನೆ ಇರುವುದು ಕಾಲೋನಿಯಲ್ಲಿ, ಅಪ್ಪ ಕುಡಿಯುತ್ತಾನೆ, ಹುಡುಗ ಹೆಣ್ಣಿನಂತೆ ನಡೆಯುತ್ತಾನೆ, ಹುಡುಗಿ ರಾತ್ರಿ ಹೊರಗಿದ್ದಳು, ಇವೆಲ್ಲ ಆ ಒಂದು ಪದದೊಳಗೆ ಸೇರಿಬಿಡುತ್ತವೆ. ‘ಅಪಾಯ ಯಾರಿಂದ, ಏನು, ಯಾವ ಆಧಾರದ ಮೇಲೆ’ ಎಂದು ಲಿಖಿತವಾಗಿ ಕೇಳಿ. ಉತ್ತರ ಸಿಗದಿದ್ದರೆ ಅದೇ ನಿಮ್ಮ ಮೇಲ್ಮನವಿಯ ಮೊದಲ ಅಂಶ. ಮಂಡಳಿಯ ಆದೇಶದ ಮೇಲೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು.

ವಕೀಲರ ಖರ್ಚಿನ ಭಯ ಬೇಡ. ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ.

ಮನೆ ವರದಿ: ಒಂದು ಸಾಲಿನಲ್ಲಿ ಮಗುವಿನ ಹಣೆಬರಹ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಸಲ್ಲಿಸುವ ಸಾಮಾಜಿಕ ತನಿಖಾ ವರದಿ, ಅಂದರೆ ನಮೂನೆ 6, ಮಂಡಳಿಯ ಕೈಯಲ್ಲಿರುವ ಅತಿ ಮುಖ್ಯ ಕಾಗದ. ಮಗುವನ್ನು ಮನೆಗೆ ಬಿಡಬೇಕೋ, ಉಪದೇಶ ಹೇಳಿ ಕಳಿಸಬೇಕೋ, ಸಮುದಾಯ ಸೇವೆಗೆ ಹಾಕಬೇಕೋ, ವಿಶೇಷ ಗೃಹಕ್ಕೋ ಎಂಬುದು ಇದನ್ನು ಓದಿದ ಮೇಲೆಯೇ ತೀರ್ಮಾನವಾಗುತ್ತದೆ. ಒಬ್ಬ ಅಧಿಕಾರಿಗೆ ಹತ್ತಾರು ಮಕ್ಕಳಿರುತ್ತಾರೆ, ಊರಿಗೆ ಒಂದು ಸಲ ಹೋಗುವುದೇ ಹೆಚ್ಚು. ಹೋದಾಗ ಯಾರನ್ನು ಮಾತಾಡಿಸುತ್ತಾರೆ ಎಂಬುದೇ ಪ್ರಶ್ನೆ. ಊರ ಮುಂದಿನ ಅಂಗಡಿ ಕಟ್ಟೆಯಲ್ಲಿ ವಿಚಾರಿಸಿದರೆ ಒಂದು ಕಥೆ, ಕೇರಿಯೊಳಗೆ ಹೋಗಿ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿದರೆ ಬೇರೆಯದೇ ಕಥೆ.

ವರದಿಗಳಲ್ಲಿ ಬರುವಂಥ ಒಂದು ಸಾಲು ನೋಡಿ: ‘ಸದರಿ ಬಾಲಕನು ಕಾಲೋನಿಯ ವಾಸಿಯಾಗಿದ್ದು, ಪರಿಸರ ಉತ್ತಮವಾಗಿರುವುದಿಲ್ಲ. ಪೋಷಕರಿಗೆ ಬಾಲಕನ ಮೇಲೆ ಹಿಡಿತವಿರುವುದಿಲ್ಲ.’ ಇದರಲ್ಲಿ ಪರಿಶೀಲಿಸಬಹುದಾದ ಒಂದೇ ಒಂದು ಸಂಗತಿ ಇಲ್ಲ. ಬಡತನವನ್ನೂ ವಿಳಾಸವನ್ನೂ ದೋಷವಾಗಿ ಬರೆದಿದೆ, ಅಷ್ಟೇ. ಅದೇ ಮನೆಯನ್ನು ಹೀಗೂ ಬರೆಯಬಹುದು: ‘ತಾಯಿ ಬೆಳಿಗ್ಗೆ 5ಕ್ಕೆ ಮಂಡಿಗೆ ಹೋಗಿ ಮಧ್ಯಾಹ್ನ 2ಕ್ಕೆ ಬರುತ್ತಾರೆ. ಅಜ್ಜಿ ಮನೆಯಲ್ಲೇ ಇರುತ್ತಾರೆ. ಬಾಲಕ 9ನೇ ತರಗತಿಯಲ್ಲಿದ್ದು, ಹಾಜರಾತಿ ಜನವರಿವರೆಗೆ ಸರಿಯಾಗಿದೆ. ಅಕ್ಕ ದ್ವಿತೀಯ ಪಿಯುಸಿ. ಮುಖ್ಯ ಶಿಕ್ಷಕರು ವಾಪಸ್ ಸೇರಿಸಿಕೊಳ್ಳಲು ಸಿದ್ಧ.’ ಇದನ್ನು ಓದಿದ ಮಂಡಳಿಗೆ ಮಗುವನ್ನು ಮನೆಗೆ ಕಳಿಸಲು ಆಧಾರ ಸಿಗುತ್ತದೆ.

ಆದ್ದರಿಂದ ಅಧಿಕಾರಿ ಬರುವವರೆಗೆ ಕಾಯಬೇಡಿ. ಒಂದು ಕಡತ ಮಾಡಿ ಮೊದಲ ವಾರದಲ್ಲೇ ಕೈಗೆ ಕೊಡಿ. ಅದರಲ್ಲಿ ಶಾಲಾ ಹಾಜರಾತಿಯ ನಕಲು, ಮುಖ್ಯ ಶಿಕ್ಷಕರ ಪತ್ರ, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಎರಡು ಸಾಲು, ಮಗು ಕೆಲಸ ಮಾಡುತ್ತಿದ್ದರೆ ಎಲ್ಲಿ ಎಷ್ಟು ಗಂಟೆ ಎಂಬ ವಿವರ, ಮಗುವನ್ನು ನೋಡಿಕೊಳ್ಳುವ ಮೂವರ ಹೆಸರು, ಅವರು ಮನೆಯಲ್ಲಿರುವ ವೇಳೆ ಇರಲಿ. ಇನ್ನೊಬ್ಬರ ದಾಖಲೆ ಅಥವಾ ಊಹೆ ಬೇಡ. ಮನೆಯಲ್ಲಿ ತೊಂದರೆ ಇದ್ದರೆ ಮುಚ್ಚಿಡಬೇಡಿ. ತಂದೆಯ ಕುಡಿತ ನಿಜವಾದರೆ, ಅದಕ್ಕೆ ಯಾರು ಏನು ವ್ಯವಸ್ಥೆ ಮಾಡಿದ್ದಾರೆಂದು ಜೊತೆಯಲ್ಲೇ ಬರೆಯಿರಿ. ಮುಚ್ಚಿಟ್ಟಿದ್ದು ಒಂದು ಹೊರಬಂದರೆ ಉಳಿದದ್ದನ್ನೂ ನಂಬುವುದಿಲ್ಲ.

ಭಾಷೆಯನ್ನು ಮರೆಯಬೇಡಿ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಚಿಂತಾಮಣಿಯ ಹಲವು ಮನೆಗಳಲ್ಲಿ ಉರ್ದು. ಹೆದರಿದ ಮಗು ಕಚೇರಿ ಕನ್ನಡದ ಪ್ರಶ್ನೆಗೆ ‘ಹೂಂ’ ಎಂದು ತಲೆಯಾಡಿಸಿದರೆ ಅದು ತಪ್ಪೊಪ್ಪಿಗೆಯಾಗಿಯೂ, ಸುಮ್ಮನಿದ್ದರೆ ಮೊಂಡುತನವಾಗಿಯೂ ದಾಖಲಾಗಬಹುದು. ಮಗುವಿನ ಮನೆಮಾತು ಬಲ್ಲವರು ಬೇಕೆಂದು ಲಿಖಿತವಾಗಿ ಕೇಳಿ.

ಹದಿನಾರರಿಂದ ಹದಿನೆಂಟರ ನಡುವಿನ ಮಗುವಿನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಈ ಮಾತು ಇನ್ನೂ ಮುಖ್ಯ. ಕನಿಷ್ಠ 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಇರುವುದು ಮಾತ್ರ ಘೋರ ಅಪರಾಧ. ಆಗ 15ನೇ ಕಲಂನ ಪ್ರಾಥಮಿಕ ಮೌಲ್ಯಮಾಪನ ಮೂರು ತಿಂಗಳೊಳಗೆ ನಡೆದು, ದೊಡ್ಡವನಂತೆ ವಿಚಾರಣೆ ಎದುರಿಸಬೇಕೇ ಎಂಬುದು ನಿರ್ಧಾರವಾಗುತ್ತದೆ. ಮನೋವಿಜ್ಞಾನದ ಪರಿಣತಿ ಇರುವ ಸದಸ್ಯರು ಮಂಡಳಿಯಲ್ಲಿ ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು 2022ರ ಬರುಣ್ ಚಂದ್ರ ಠಾಕೂರ್ ತೀರ್ಪು ಹೇಳಿದೆ. ಯಾವ ಭಾಷೆಯಲ್ಲಿ, ಎಷ್ಟು ಹೊತ್ತು, ಎಷ್ಟು ಸಲ ಮಾತಾಡಿಸಿ ಅಭಿಪ್ರಾಯ ಕೊಟ್ಟರು ಎಂದು ವಕೀಲರಿಂದ ಕೇಳಿಸಿ.

ಟ್ರಾನ್ಸ್ ಮಕ್ಕಳು, ಒಂದೇ ಲಿಂಗದವರನ್ನು ಇಷ್ಟಪಡುವ ಮಕ್ಕಳು

ಈ ಮಕ್ಕಳು ಠಾಣೆ ತಲುಪುವ ದಾರಿ ಬಹುಪಾಲು ಒಂದೇ: ಮನೆಯಲ್ಲಿ ಹೊಡೆತ, ಶಾಲೆಯಲ್ಲಿ ಗೇಲಿ, ಅಲ್ಲಿಂದ ರೈಲು ಅಥವಾ ಬಸ್ಸು ಹತ್ತಿ ಬೆಂಗಳೂರು. ಭಿಕ್ಷೆ ಬೇಡುತ್ತಾ ಸಿಕ್ಕಿದ ಮಗು ಅಪರಾಧಿಯಲ್ಲ. 2(14)ನೇ ಕಲಂ ಪ್ರಕಾರ ಅದು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು, ಹೋಗಬೇಕಾದ್ದು ಮಕ್ಕಳ ಕಲ್ಯಾಣ ಸಮಿತಿಗೆ. ಬಾಲ ನ್ಯಾಯ ಮಂಡಳಿಯ ದಾರಿಗೆ ತಳ್ಳಿದ್ದರೆ ಮೊದಲ ಹಾಜರಿಯಲ್ಲೇ ಆಕ್ಷೇಪಿಸಿ.

ಠಾಣೆಯಲ್ಲಿ ಮಗುವನ್ನು ಯಾರು ತಪಾಸಣೆ ಮಾಡಬೇಕೆಂಬುದನ್ನು ಮಗುವನ್ನೇ ಕೇಳಿ ಬರೆದುಕೊಳ್ಳಲು ಒತ್ತಾಯಿಸಿ. ಲಿಂಗ ಪರೀಕ್ಷಿಸುವ ನೆಪದಲ್ಲಿ ಬಟ್ಟೆ ಬಿಚ್ಚಿಸುವುದಕ್ಕೆ ಯಾವ ಕಾನೂನಿನ ಆಧಾರವೂ ಇಲ್ಲ. ಮಗು ಹೇಳುವ ಹೆಸರಿನಿಂದ ಕರೆಯಿರಿ, ದಾಖಲೆಯ ಹೆಸರು ಬೇರೆಯಿದ್ದರೆ ಕಾಗದದಲ್ಲಿ ಎರಡನ್ನೂ ಬರೆಸಿ.

ಅಷ್ಟೇ ಮುಖ್ಯವಾದದ್ದು, ಮಗು ನಿಮಗೆ ಹೇಳಿದ್ದನ್ನು ನೀವು ಇನ್ನೊಬ್ಬರಿಗೆ ಹೇಳದಿರುವುದು. ತಂದೆಯ ಎದುರಲ್ಲಿ, ಮಂಡಳಿಯ ಕೋಣೆಯಲ್ಲಿ, ಮನೆ ವರದಿಯಲ್ಲಿ ‘ಬಾಲಕನಿಗೆ ಹುಡುಗರ ಮೇಲೆ ಆಕರ್ಷಣೆ’ ಎಂದು ಬರೆದರೆ ಮಗು ಮನೆಗೆ ವಾಪಸ್ ಹೋಗುವ ದಾರಿಯೇ ಮುಚ್ಚಬಹುದು. ಬರೆಯಲೇಬೇಕಾದ ಕಾರಣವಿದ್ದರೆ, ಉದಾಹರಣೆಗೆ ಗೃಹದಲ್ಲಿ ಹಲ್ಲೆಯ ಭಯವಿದ್ದರೆ, ಮಗುವಿನ ಒಪ್ಪಿಗೆ ಪಡೆದು ಪ್ರತ್ಯೇಕ ಮುಚ್ಚಿದ ಲಕೋಟೆಯಲ್ಲಿ ಮಂಡಳಿಗೆ ಕೊಡಿ.

ವೀಕ್ಷಣಾಲಯದ ವಿಷಯ ಕಗ್ಗಂಟು. 47(4)ನೇ ಕಲಂ ಮಕ್ಕಳನ್ನು ವಯಸ್ಸು, ಲಿಂಗತ್ವ ನೋಡಿ, ದೈಹಿಕ ಮಾನಸಿಕ ಸ್ಥಿತಿ ಗಮನಿಸಿ ಬೇರೆಬೇರೆ ಇರಿಸಬೇಕೆನ್ನುತ್ತದೆ. ಆದರೆ ಇರುವ ಗೃಹಗಳು ಹುಡುಗರದ್ದು, ಹುಡುಗಿಯರದ್ದು ಎಂದು ಎರಡೇ. ಟ್ರಾನ್ಸ್ ಹುಡುಗಿಯನ್ನು ಹುಡುಗರ ಗೃಹಕ್ಕೆ ಹಾಕಿದರೆ ರಾತ್ರಿ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಮೊದಲ ಗುರಿ, ಗೃಹಕ್ಕೇ ಹೋಗದಂತೆ ನೋಡಿಕೊಳ್ಳುವುದು. ಮನೆ ಸುರಕ್ಷಿತವಾಗಿದ್ದರೆ ಮನೆ, ಇಲ್ಲದಿದ್ದರೆ ಚಿಕ್ಕಮ್ಮ, ಅಜ್ಜಿ, ಅಕ್ಕನಂಥವರನ್ನು ಯೋಗ್ಯ ವ್ಯಕ್ತಿಯೆಂದು, ಅದೂ ಆಗದಿದ್ದರೆ ಯೋಗ್ಯ ಸೌಲಭ್ಯವೊಂದನ್ನು (ಮಗುವನ್ನು ನೋಡಿಕೊಳ್ಳಲು ತಕ್ಕ ಸಂಸ್ಥೆ) 51, 52ನೇ ಕಲಂಗಳಡಿ ಗುರುತಿಸಲು ಅರ್ಜಿ ಕೊಡಿ. ಗೃಹವೇ ಅನಿವಾರ್ಯವಾದರೆ ಎಲ್ಲಿ ಸುರಕ್ಷಿತ ಅನ್ನಿಸುತ್ತದೆಂದು ಮಗುವನ್ನೇ ಕೇಳಿ. ಪ್ರತ್ಯೇಕ ಮಲಗುವ ಜಾಗ, ಪ್ರತ್ಯೇಕ ಸ್ನಾನದ ಸಮಯ, ರಾತ್ರಿ ಪಾಳಿಯ ಸಿಬ್ಬಂದಿಯ ಹೆಸರು ಆದೇಶದಲ್ಲೇ ಬರಲಿ. ಆದರೆ ‘ರಕ್ಷಣೆಗಾಗಿ’ ಎಂದು ಒಂಟಿ ಕೋಣೆಯಲ್ಲಿ ಕೂಡಿಹಾಕಲು ಬಿಡಬೇಡಿ. ಪಾಠ, ಆಟ, ಊಟ ಎಲ್ಲರ ಜೊತೆಗೇ ಆಗಬೇಕು. ಕೂದಲು ಬಲವಂತವಾಗಿ ಕತ್ತರಿಸುವುದು, ಸಿಬ್ಬಂದಿಯೇ ಹೀಯಾಳಿಸುವುದು ನಡೆದರೆ 75ನೇ ಕಲಂ ನೆನಪಿಸಿ. ಸಂಸ್ಥೆಯ ಸಿಬ್ಬಂದಿ ಮಗುವಿಗೆ ಕ್ರೌರ್ಯ ತೋರಿದರೆ ಶಿಕ್ಷೆ 5 ವರ್ಷದವರೆಗೆ ಇದೆ.

ಆಪ್ತ ಸಮಾಲೋಚನೆಯ ಆದೇಶವಾದರೆ ಯಾವುದಕ್ಕಾಗಿ ಎಂದು ಸ್ಪಷ್ಟಪಡಿಸಿಕೊಳ್ಳಿ. ಮಗುವನ್ನು ‘ಸರಿಮಾಡುವ’ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದು ಘೋಷಿಸಿದೆ.

ಓಡಿಹೋದ ಪ್ರಕರಣಗಳು

ದಲಿತ ಹುಡುಗ, ಬೇರೆ ಜಾತಿಯ ಹುಡುಗಿ, ಇಬ್ಬರಿಗೂ ಹದಿನೇಳು. ಹುಡುಗಿಯ ಮನೆಯವರ ದೂರಿನ ಮೇಲೆ ಅಪಹರಣ, ಜೊತೆಗೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ. ಇಲ್ಲಿ ಕಲಂ ಯಾವುದು ಎಂಬುದರಲ್ಲೇ ಎಲ್ಲವೂ ಇದೆ. ಬರೀ ಅಪಹರಣದ, ಭಾರತೀಯ ನ್ಯಾಯ ಸಂಹಿತೆಯ 137(2) ಆದರೆ ಗರಿಷ್ಠ 7 ವರ್ಷ, ಅದು ಘೋರ ಅಪರಾಧವಲ್ಲ. ಪೋಕ್ಸೊ 4ನೇ ಕಲಂ ಬಂದರೆ ಕನಿಷ್ಠವೇ 10 ವರ್ಷ, ಕೂಡಲೇ ಘೋರ ಅಪರಾಧವಾಗಿ 15ನೇ ಕಲಂನ ಮೌಲ್ಯಮಾಪನ ಎದುರಾಗುತ್ತದೆ. ಹುಡುಗಿಯ ಹೇಳಿಕೆಯಲ್ಲಿ ಇಲ್ಲದ್ದನ್ನು ಸೇರಿಸಿದ್ದಾರೆಯೇ ಎಂದು ವಕೀಲರು ಮೊದಲ ದಿನವೇ ನೋಡಬೇಕು. ಹುಡುಗಿಯ ವಯಸ್ಸಿಗೂ 94ನೇ ಕಲಂನ ದಾಖಲೆಯೇ ಬೇಕು. ಹುಡುಗನ ಕಡೆಯವರು ಮಾಡುವ ದೊಡ್ಡ ತಪ್ಪು ಹುಡುಗಿಗೆ ಫೋನ್ ಮಾಡುವುದು, ರಾಜಿ ಪಂಚಾಯಿತಿ ಸೇರಿಸುವುದು. ಸಾಕ್ಷಿಗೆ ಒತ್ತಡ ಹಾಕಿದರೆಂದು ಅದೇ ಜಾಮೀನಿಗೆ ಕಲ್ಲಾಗುತ್ತದೆ.

ಇಬ್ಬರು ಹುಡುಗಿಯರು ಅಥವಾ ಇಬ್ಬರು ಹುಡುಗರು ಹೋಗಿದ್ದರೂ ಇದೇ ಕಲಂಗಳು ಬೀಳುತ್ತವೆ, ಪೋಕ್ಸೊ ಆರೋಪಿಯ ಲಿಂಗ ನೋಡುವುದಿಲ್ಲ. 2018ರ ನವತೇಜ್ ಜೋಹರ್ ತೀರ್ಪು ರಕ್ಷಿಸಿದ್ದು ವಯಸ್ಕರ ಸಮ್ಮತಿಯ ಸಂಬಂಧವನ್ನು. 18ರೊಳಗಿನವರಿಗೆ ಅದನ್ನೇ ನೆಚ್ಚಿಕೊಂಡು ಧೈರ್ಯ ಹೇಳಬೇಡಿ.

ಕೇಸ್ ಮುಗಿದ ಮೇಲೆ

ಸಣ್ಣ ಅಪರಾಧದ ವಿಚಾರಣೆ 4 ತಿಂಗಳಲ್ಲಿ, ವಿಸ್ತರಿಸಿದರೆ ಇನ್ನು 2 ತಿಂಗಳಲ್ಲಿ ಮುಗಿಯದಿದ್ದರೆ 14(4)ರಂತೆ ಪ್ರಕರಣವೇ ಕೊನೆಗೊಳ್ಳುತ್ತದೆ. ಆರನೇ ತಿಂಗಳು ತುಂಬಿದ ಮರುದಿನ ಅರ್ಜಿ ಹಾಕಿ. ಮಗುವಿನ ಹೆಸರು, ಶಾಲೆ, ಫೋಟೊ ಎಲ್ಲೂ ಬರಬಾರದು. ವಾಟ್ಸಾಪ್ ಗುಂಪು, ಯೂಟ್ಯೂಬ್ ಚಾನೆಲ್‌ಗಳಿಗೂ 74ನೇ ಕಲಂ ಅನ್ವಯಿಸುತ್ತದೆ, ದಂಡ 2 ಲಕ್ಷ ರೂಪಾಯಿವರೆಗೆ. ಮುಗಿದ ಪ್ರಕರಣವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ತೆರೆಯುವಂತಿಲ್ಲ. ಕೆಲಸಕ್ಕೆ ಸೇರುವಾಗ ಹಳೇ ಕೇಸ್ ಎದ್ದುಬಂದರೆ 24 ಮತ್ತು 74(2)ನೇ ಕಲಂ ಹೆಸರಿಸಿ ಎಸ್‌ಪಿಗೆ ಬರೆಯಿರಿ.

ಭೇದವನ್ನು ಎಣಿಸುವುದು

ಒಂದೊಂದು ಮಗುವಿನ ಪರ ಓಡಾಡುವುದರ ಜೊತೆಗೆ ಜಿಲ್ಲೆಯ ಲೆಕ್ಕವೂ ಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಸಿಕ್ಕಿಬಿದ್ದ ಮಕ್ಕಳ ಓದು, ಕುಟುಂಬ ಹಿನ್ನೆಲೆ ಪ್ರಕಟಿಸುತ್ತದೆ, ಜಾತಿಯನ್ನು ಪ್ರಕಟಿಸುವುದಿಲ್ಲ. ಅಮೆರಿಕದಲ್ಲಿ ಕರಿಯರು ಸೇರಿದಂತೆ ಅಲ್ಪಸಂಖ್ಯಾತ ಜನಾಂಗಗಳ ಮಕ್ಕಳು ಲೆಕ್ಕ ಮೀರಿ ಬಂಧನದಲ್ಲಿರುವುದನ್ನು ರಾಜ್ಯಗಳು ಗಮನಿಸಬೇಕೆಂದು 1988ರಲ್ಲೇ ಫೆಡರಲ್ ಕಾನೂನಿಗೆ ಸೇರಿಸಿದರು, ಅದಕ್ಕಾಗಿ ಒಂದು ಸುಲಭ ಅಳತೆಯೂ ಬಂತು. ಪ್ರತಿ ಹಂತದಲ್ಲೂ ಒಂದು ಗುಂಪಿನ ದರವನ್ನು ಇನ್ನೊಂದು ಗುಂಪಿನ ದರದಿಂದ ಭಾಗಿಸುವುದು. ಊಹೆಯ ಅಂಕಿಯಲ್ಲಿ ನೋಡಿ: ಮಂಡಳಿ ಮುಂದೆ ಬಂದ 40 ಪರಿಶಿಷ್ಟ ಜಾತಿ ಮಕ್ಕಳಲ್ಲಿ 14 ಜನ ಮೊದಲ ದಿನವೇ ವೀಕ್ಷಣಾಲಯಕ್ಕೆ ಹೋದರೆ ನೂರಕ್ಕೆ 35. ಇತರ 50ರಲ್ಲಿ 8 ಜನ ಹೋದರೆ ನೂರಕ್ಕೆ 16. ಮೂವತ್ತೈದನ್ನು ಹದಿನಾರರಿಂದ ಭಾಗಿಸಿದರೆ 2.2 ಹತ್ತಿರ. ಒಂದಕ್ಕಿಂತ ಎಷ್ಟು ಮೇಲೋ ಆ ಮೇಜಿನಲ್ಲಿ ಅಷ್ಟು ಭೇದ. ಠಾಣೆ, ಜಾಮೀನು, ಅಂತಿಮ ಆದೇಶ, ಹೀಗೆ ಪ್ರತಿ ಹಂತಕ್ಕೂ ಬೇರೆ ಬೇರೆ ಲೆಕ್ಕ ಮಾಡಿದರೆ ಎಲ್ಲಿ ಕೈಹಾಕಬೇಕೆಂಬುದು ಕಾಣುತ್ತದೆ.

ಹಿಡಿದ ಮಕ್ಕಳ ಪ್ರಮಾಣವನ್ನು ಜನಸಂಖ್ಯೆಗೆ ಹೋಲಿಸುವುದಾದರೆ ಜಿಲ್ಲೆಯ ಅಂಕಿಯನ್ನೇ ಬಳಸಿ. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಪರಿಶಿಷ್ಟ ಜಾತಿ ಪ್ರಮಾಣ ನೂರಕ್ಕೆ ಸುಮಾರು 30, ರಾಜ್ಯದ್ದು ಸುಮಾರು 17. ರಾಜ್ಯದ ಅಂಕಿಗೆ ಹೋಲಿಸಿದರೆ ಭೇದ ಇದ್ದುದಕ್ಕಿಂತ ದೊಡ್ಡದಾಗಿ ಕಂಡು, ನಿಮ್ಮ ಇಡೀ ವರದಿಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ.

ಅಂಕಿ ಪಡೆಯಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದ ಮಿತಿ. ಆದ್ದರಿಂದ ಜಾಮೀನಿಗೆ ಒಂದು, ಗೃಹಕ್ಕೆ ಕಳಿಸಿದ್ದಕ್ಕೆ ಒಂದು, ಹೀಗೆ ಬಿಡಿಬಿಡಿಯಾಗಿ ಹಾಕಿ. ಹೆಸರು, ಊರು ಕೇಳಬೇಡಿ, ಮೂರು ವರ್ಷದ ಒಟ್ಟು ಸಂಖ್ಯೆ ಮಾತ್ರ ಕೇಳಿ. ಯಾವುದಾದರೂ ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿದ್ದರೆ ಪ್ರಕಟಿಸಬೇಡಿ, ಸಣ್ಣ ತಾಲ್ಲೂಕಿನಲ್ಲಿ ಯಾರೆಂದು ಗೊತ್ತಾಗಿಬಿಡುತ್ತದೆ. ಟ್ರಾನ್ಸ್ ಮಕ್ಕಳ ಲೆಕ್ಕವನ್ನಂತೂ ರಿಜಿಸ್ಟರಿನಲ್ಲಿ ಕಾಲಂ ಹಾಕಿಸಿ ತೆಗೆಯಬೇಡಿ, ಆ ಕಾಲಂ ನಾಳೆ ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಅವರ ವಿಷಯದಲ್ಲಿ ಕೇಳಬೇಕಾದ್ದು ಗೃಹದಲ್ಲಿ ಏನು ವ್ಯವಸ್ಥೆ ಇದೆ, ಸಿಬ್ಬಂದಿಗೆ ಯಾವ ತರಬೇತಿ ಕೊಟ್ಟಿದ್ದಾರೆ ಎಂಬುದನ್ನು.

30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಬಂದ ಮೇಲೆ ಕೋಷ್ಟಕವನ್ನು ಒಂದೇ ಪುಟದಲ್ಲಿ ಮಾಡಿ ಜಿಲ್ಲಾಧಿಕಾರಿಗೂ ಮುಖ್ಯ ನ್ಯಾಯಿಕ ದಂಡಾಧಿಕಾರಿಗೂ ಕೊಡಿ. 16ನೇ ಕಲಂ ಪ್ರಕಾರ ಮಂಡಳಿಯ ಬಾಕಿ ಪ್ರಕರಣಗಳ ಮಾಹಿತಿ ಮೂರು ತಿಂಗಳಿಗೊಮ್ಮೆ ಹೋಗುವುದು ಅವರಿಬ್ಬರಿಗೇ, ಆ ಪರಿಶೀಲನೆಗೆ ಒಂದು ವಾರ ಮೊದಲು ನಿಮ್ಮ ಪುಟ ಅವರ ಮೇಜಿನಲ್ಲಿರಲಿ. ಕೋಷ್ಟಕದ ಕೆಳಗೆ ಕೋರಿಕೆ ಒಂದೇ ಇರಲಿ, ಉದಾಹರಣೆಗೆ, ಜಾಮೀನು ಆದೇಶವಾಗಿಯೂ 7 ದಿನ ಮೀರಿ ಗೃಹದಲ್ಲಿರುವ ಮಕ್ಕಳ ಪಟ್ಟಿಯನ್ನು ಅಧೀಕ್ಷಕರು ಪ್ರತಿ ಸೋಮವಾರ ಮಂಡಳಿಗೂ ಕಾನೂನು ಸೇವಾ ಪ್ರಾಧಿಕಾರಕ್ಕೂ ಕಳಿಸಬೇಕು ಎಂದು.